ಪೋಸ್ಟರ್‌ನಲ್ಲಿ ತರಗೆಲೆ ಎಲ್ಲಿ?

ಚಿಕ್ಕ ಮನೆಯಲ್ಲೂ ಗೊಬ್ಬರ ಮಾಡಿ ಎಂದು ಹೇಳುವ ಇನ್ಫೋಗ್ರಾಫಿಕ್‌ಗಳ ಕರಡು ನನ್ನ ಬಳಿ ಆಗಾಗ ಬರುತ್ತವೆ. ‘ಹೇಗಿದೆ ನೋಡಿ ಸಾರ್’ ಎನ್ನುತ್ತಾರೆ. ನೋಡೋಕೆ ಚೆನ್ನಾಗಿಯೇ ಇರುತ್ತವೆ. ಹಸಿರು ಬಾಣಗಳು, ನಗುವ ಎರೆಹುಳು, ಬ್ರೊಕೊಲಿ, ಅರ್ಧ ಕಚ್ಚಿದ ಸೇಬು. ನಾನು ಮೊದಲು ಹುಡುಕುವುದು ತರಗೆಲೆಯನ್ನು. ಅದು ಕಾಣದಿದ್ದರೆ, ಆ ಪೋಸ್ಟರ್ ನಂಬಿ ಶುರು ಮಾಡಿದವರ ಬಕೆಟ್ ಕೆಲವೇ ದಿನದಲ್ಲಿ ನಾರುತ್ತದೆ.

ತರಕಾರಿ ಸಿಪ್ಪೆಯಲ್ಲಿ ನೀರೂ ಜಾಸ್ತಿ, ಸಾರಜನಕವೂ ಜಾಸ್ತಿ. ಅದೊಂದನ್ನೇ ತುಂಬಿದರೆ ಕುಸಿದು ಕೂರುತ್ತದೆ, ತರಗೆಲೆ ಬೆರೆಸದೆ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಆಗಲೇ. ಹಿತ್ತಲಿದ್ದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಮೈಸೂರಿನ ಅಗ್ರಹಾರದ ವಠಾರದಲ್ಲಿ ಬಕೆಟ್ ಇರುವುದು ಬಚ್ಚಲ ಪಕ್ಕದಲ್ಲೇ ಅಲ್ವಾ? ವಾಸನೆ ಬಂದ ದಿನವೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಒಣ ಎಲೆ ಎಷ್ಟು ಹಾಕಬೇಕು ಎಂಬಲ್ಲಿ ಇನ್ನೊಂದು ಎಡವಟ್ಟು. ‘ಇಂಗಾಲ, ಸಾರಜನಕ 30:1’ ಎಂದು ದಪ್ಪಕ್ಷರದಲ್ಲಿ ಬರೆದುಬಿಡುತ್ತಾರೆ. ಲೆಕ್ಕ ಸರಿಯೇ. ಆದರೆ ಅದನ್ನು ಓದಿದ ಒಬ್ಬರು, ‘ಒಂದು ಬಟ್ಟಲು ಸಿಪ್ಪೆಗೆ ಮೂವತ್ತು ಬಟ್ಟಲು ಎಲೆನಾ? ಅದನ್ನ ಇಡೋಕೇ ಇನ್ನೊಂದು ಮನೆ ಬಾಡಿಗೆಗೆ ಹಿಡೀಬೇಕು’ ಎಂದರು. ಅವರದೇನೂ ತಪ್ಪಿಲ್ಲ. ಆ ಅನುಪಾತ ಎರಡು ಮೂಲವಸ್ತುಗಳ ತೂಕದ್ದು, ಎಲೆ-ಸಿಪ್ಪೆಯದ್ದಲ್ಲ. ಸಿಪ್ಪೆಯಲ್ಲೂ ಇಂಗಾಲ ಇದೆ, ಎಲೆಯಲ್ಲೂ ಸ್ವಲ್ಪ ಸಾರಜನಕ ಇದೆ. ಅಡುಗೆಮನೆಗೆ ಬೇಕಾದ್ದು ಮಗ್ಗಿನ ಲೆಕ್ಕ: ಒಂದು ಮಗ್ ಸಿಪ್ಪೆಗೆ ಎರಡು ಮಗ್ ಪುಡಿ ಮಾಡಿದ ತರಗೆಲೆ. ಜೊತೆಗೆ ಬೆರೆಸಿದ ಕಸವನ್ನು ಮುಷ್ಟಿಯಲ್ಲಿ ಹಿಂಡುವ ಒಂದು ಚಿತ್ರ. ಒಂದೆರಡು ಹನಿ ಬಂದರೆ ತೇವ ಸರಿ, ಧಾರೆಯಾದರೆ ಇನ್ನಷ್ಟು ಎಲೆ. ಇಷ್ಟು ಇದ್ದರೆ ಉಳಿದ ಅರ್ಧ ಚಿತ್ರ ಕಿತ್ತು ಹಾಕಿದರೂ ನನ್ನ ತಕರಾರಿಲ್ಲ.

ಬಣ್ಣದ ವಿಷಯವನ್ನು ಡಿಸೈನರ್‌ಗಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲು ಬಂದ ಊರು ಮೈಸೂರು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂಬುದು ಇಲ್ಲಿ ಎಷ್ಟೋ ಮನೆಗಳಿಗೆ ರೂಢಿ. ತರಗೆಲೆಯನ್ನು ನೀಲಿ ಡಬ್ಬದಲ್ಲಿ ಬರೆದರೆ ಏನಾಗುತ್ತದೆ? ಹಾಲಿನ ಕವರ್ರೂ ಗೊಬ್ಬರಕ್ಕೆ ಬೀಳುತ್ತದೆ. ತರಗೆಲೆಗೆ ಕಂದು ಬಣ್ಣ ಕೊಡಿ, ಗೋಣಿಚೀಲದಲ್ಲಿ ತೋರಿಸಿ.

ಬ್ರೊಕೊಲಿ ಬದಲು ನಮ್ಮ ಅಡುಗೆಮನೆಯ ಕಸ ಬರೆಯಿರಿ. ದಂಟಿನ ಸೊಪ್ಪಿನ ಕಡ್ಡಿ, ಕಾಫಿ ಚರಟ, ಚಳಿಗಾಲದಲ್ಲಿ ರಾಶಿ ಬೀಳುವ ಅವರೆಕಾಯಿ ಸಿಪ್ಪೆ. ಮಂಡ್ಯದ ಕಡೆಗಾದರೆ ಕತ್ತರಿಸಿದ ಕಬ್ಬಿನ ತರಗು ಇರಲಿ. ಗದ್ದೆಯಲ್ಲಿ ಸುಮ್ನೆ ಸುಡುವ ವಸ್ತು ಅದು, ಬಕೆಟ್‌ಗೆ ಒಳ್ಳೆಯ ಒಣ ಪದಾರ್ಥ.

ಪೋಸ್ಟರ್ ಪರೀಕ್ಷೆ ಮಾಡುವಾಗ ‘ಅರ್ಥ ಆಯ್ತಾ’ ಎಂದು ಕೇಳಬೇಡಿ. ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. ಗೊಬ್ಬರ ಮಾಡದವರ ಕೈಗೆ ಕೊಟ್ಟು, ‘ಇವತ್ತು ಸಂಜೆ ಹೆಚ್ಚಿದ ತರಕಾರಿ ಸಿಪ್ಪೆಯನ್ನ ಏನು ಮಾಡ್ತೀರಿ? ಬಕೆಟ್ ಎಲ್ಲಿ ಇಡ್ತೀರಿ?’ ಎಂದು ಕೇಳಿ. ‘ಮೊದಲು ಎರೆಹುಳು ತರಬೇಕು’ ಎಂಬ ಉತ್ತರ ಬಂದರೆ ಆ ನಗುವ ಹುಳು ದಾರಿ ತಪ್ಪಿಸಿದೆ ಅಂತಲೇ ಅರ್ಥ. ಎಲೆ ಬೆರೆಸಿ ಮಾಡುವ ಬಕೆಟ್ ಗೊಬ್ಬರಕ್ಕೆ ಎರೆಹುಳು ಬೇಕಿಲ್ಲ. ಕಸ ಬಿಸಿಯೇರಿದರೆ ಅವು ಬದುಕುವುದೂ ಇಲ್ಲ. ಈ ಪರೀಕ್ಷೆಯನ್ನು ಫೋನಿನ ಪರದೆಯಲ್ಲೇ ಮಾಡಿ. ಹೆಚ್ಚಿನವರು ನೋಡುವುದು ವಾಟ್ಸಾಪ್‌ನಲ್ಲೇ, ಕಂಪ್ಯೂಟರಿನಲ್ಲಿ ಚೆಂದ ಕಂಡ ಅಕ್ಷರ ಅಲ್ಲಿ ಇರುವೆ ಸಾಲಿನಂತಾಗುತ್ತದೆ.

ಇನ್ನು ಆದ ಗೊಬ್ಬರ ಎಲ್ಲಿಗೆ ಹೋಗಬೇಕು? ಎರಡೇ ಕುಂಡ ಇರುವ ಮನೆಗೆ ಇದು ನಿಜವಾದ ಪ್ರಶ್ನೆ, ಆದರೂ ಬಹಳಷ್ಟು ಕರಡುಗಳಲ್ಲಿ ಉತ್ತರ ಇರುವುದಿಲ್ಲ. ಒಂದು ಸಾಲು ಸಾಕು: ಕುಂಡದ ಮಣ್ಣಿಗೆ ನಾಲ್ಕರಲ್ಲಿ ಒಂದು ಪಾಲು, ಮಿಕ್ಕಿದ್ದು ಬೀದಿಯ ಹೊಂಗೆ ಮರದ ಬುಡಕ್ಕೆ.