'ಬಿಟರ್ ಸ್ವೀಟ್ ಸಿಂಫನಿ': ಪಿಟೀಲಿನ ಆ ಸಾಲು ಯಾರದು?

2019ರ ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ ಗೀತರಚನೆಕಾರರಿಗೆ ಕೊಡುವ ಐವರ್ ನೊವೆಲ್ಲೊ ಪ್ರಶಸ್ತಿ ಪ್ರದಾನದ ಸಂದರ್ಭದಲ್ಲಿ ಗಾಯಕ ರಿಚರ್ಡ್ ಆಶ್‌ಕ್ರಾಫ್ಟ್ ಒಂದು ಸುದ್ದಿ ಹೇಳಿದರು. 'ದಿ ವರ್ವ್' ತಂಡದೊಂದಿಗೆ ಅವರು 1997ರಲ್ಲಿ ಹಾಡಿದ 'ಬಿಟರ್ ಸ್ವೀಟ್ ಸಿಂಫನಿ'ಯ ಮೇಲೆ ಬ್ರಿಟಿಷ್ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್‌ಗೆ ಇದ್ದ ಹಕ್ಕನ್ನು ಆ ಇಬ್ಬರೂ ಬಿಟ್ಟುಕೊಟ್ಟಿದ್ದಾರೆ ಎಂಬುದೇ ಆ ಸುದ್ದಿ. ಕಳೆದುಹೋದ ಮಗು ಮನೆಗೆ ಬಂದಂತೆ ಅಭಿಮಾನಿಗಳು ಸಂಭ್ರಮಿಸಿದರು. ಸಂಭ್ರಮಕ್ಕೆ ಕಾರಣವಿತ್ತು, ನಿಜ. ಆದರೆ ಈ ಹಾಡು ಯಾರ ಮನೆಯದು ಎಂಬ ಪ್ರಶ್ನೆಗೆ ಅಂದು ಸಿಕ್ಕಿದ್ದು ಅರ್ಧ ಉತ್ತರ ಮಾತ್ರ.

ಗೊಂದಲ ಬಿಡಿಸಲು ಮೊದಲು ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಪ್ರತಿಯೊಂದು ಧ್ವನಿಮುದ್ರಿಕೆಯ ಮೇಲೂ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಒಂದು, ಸ್ಟುಡಿಯೊದಲ್ಲಿ ದಾಖಲಾದ ನಾದದ ಮೇಲಿನ ಹಕ್ಕು. ಇದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ. ಇನ್ನೊಂದು, ಆ ನಾದದೊಳಗಿನ ಕೃತಿಯ, ಅಂದರೆ ಸ್ವರ ಮತ್ತು ಸಾಹಿತ್ಯದ ಹಕ್ಕು. ಇದು ಬರೆದವರಿಗೆ ಅಥವಾ ಅವರಿಂದ ಪಡೆದ ಪ್ರಕಾಶಕರಿಗೆ ಸೇರುತ್ತದೆ. ಹಳೆಯ ಮುದ್ರಿಕೆಯ ತುಣುಕೊಂದನ್ನು ಹೊಸ ಹಾಡಿಗೆ ಜೋಡಿಸುವವರು, ಅಂದರೆ ಸ್ಯಾಂಪಲ್ ಮಾಡುವವರು, ಎರಡೂ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ.

ಹಾಡಿನ ಬೇರು ಅಮೆರಿಕದ ಕರಿಯರ ಚರ್ಚುಗಳ ಭಕ್ತಿಗೀತೆಯೊಂದರಲ್ಲಿದೆ. ಬಾಯಿಂದ ಬಾಯಿಗೆ ಬಂದ ಆ ಗೀತೆಯನ್ನು ಷಿಕಾಗೊದ ಸ್ಟೇಪಲ್ ಸಿಂಗರ್ಸ್ ಕುಟುಂಬ 1950ರ ದಶಕದಲ್ಲಿ 'ದಿಸ್ ಮೇ ಬಿ ದ ಲಾಸ್ಟ್ ಟೈಮ್' ಎಂದು ಮುದ್ರಿಸಿತು. 1965ರಲ್ಲಿ ಅದರ ಪಲ್ಲವಿಯ ನೆರಳಿನಲ್ಲಿ ಸ್ಟೋನ್ಸ್ 'ದ ಲಾಸ್ಟ್ ಟೈಮ್' ಹಾಡಿದರು. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಆ ಹಾಡಿಗೆ ಕೃತಿಕಾರರೆಂದು ದಾಖಲಾದವರು ಜ್ಯಾಗರ್ ಮತ್ತು ರಿಚರ್ಡ್ಸ್. ಭಕ್ತಿಗೀತೆಯ ಋಣವನ್ನು ರಿಚರ್ಡ್ಸ್ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರು. ಹಕ್ಕಿನ ಕಾಗದಗಳಲ್ಲಿ ಅಂಥ ಋಣಕ್ಕೆ ಕಾಲಂ ಇರುವುದಿಲ್ಲ.

ಅದೇ ಹೊತ್ತಿಗೆ ಸ್ಟೋನ್ಸ್‌ನ ವ್ಯವಸ್ಥಾಪಕರಾಗಿದ್ದ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಮ್ ತಮ್ಮ ಹೆಸರಿನ ವಾದ್ಯವೃಂದವೊಂದನ್ನು ಕಟ್ಟಿ, ತಂಡದ ಹಾಡುಗಳನ್ನು ಗಾಯನವಿಲ್ಲದೆ ನುಡಿಸಿದ ಆಲ್ಬಮ್ ಒಂದನ್ನು 1966ರಲ್ಲಿ ಹೊರತಂದರು. ಜನಪ್ರಿಯ ಹಾಡುಗಳನ್ನು ಹೀಗೆ ಪಿಟೀಲುಗಳಿಗೆ ಒಗ್ಗಿಸಿ ಮಾರುವುದು ಆ ಕಾಲದ ರೂಢಿ. ಬಹುಪಾಲು ಮುದ್ರಿಕೆಗಳು ಹಿನ್ನೆಲೆಯಲ್ಲಿ ಕೇಳಿ ಮರೆಯುವಂಥವು. ಆದರೆ 'ದ ಲಾಸ್ಟ್ ಟೈಮ್'ಗೆ ವಾದ್ಯ ಸಂಯೋಜನೆ ಮಾಡಿದ ಡೇವಿಡ್ ವಿಟಕರ್ ಕೇವಲ ಒಗ್ಗಿಸುವುದಕ್ಕೆ ನಿಲ್ಲಲಿಲ್ಲ. ಸ್ಟೋನ್ಸ್‌ನ ಗಿಟಾರ್ ಚುರುಕಾಗಿ, ಒರಟಾಗಿ ಓಡುವ ಕಡೆ ಅವರು ತಂತಿವಾದ್ಯಗಳಿಗೆ ನಿಧಾನವಾಗಿ ಏರಿ ಇಳಿಯುವ, ಮೆರವಣಿಗೆಯಂಥ ಗಾಂಭೀರ್ಯದ ಒಂದು ಸಾಲು ಬರೆದರು. ಮೂಲ ಹಾಡನ್ನು ಹತ್ತು ಸಲ ಕೇಳಿದರೂ ಈ ಸಾಲು ಇದ್ದ ಹಾಗೆಯೇ ಎಲ್ಲೂ ಸಿಗುವುದಿಲ್ಲ; ಗಾಯನದ ಎಳೆಯ ದೂರದ ನೆನಪು ಅದರಲ್ಲಿದೆ, ಅಷ್ಟೆ. ಇಂದು ಜಗತ್ತಿನಾದ್ಯಂತ ಜನ ಗುನುಗುವುದು ಈ ಸಾಲನ್ನೇ.

ವಿಟಕರ್ ಅವರ ಸಾಲು ಸುಮಾರು ಮೂವತ್ತು ವರ್ಷ ಧೂಳು ಹಿಡಿದು ಕೂತ ಮೇಲೆ ಅದಕ್ಕೆ ಮತ್ತೆ ಜೀವ ಕೊಟ್ಟ 'ದಿ ವರ್ವ್', ಇಂಗ್ಲೆಂಡಿನ ವಾಯವ್ಯ ಭಾಗದ ವಿಗನ್ ಪಟ್ಟಣದಲ್ಲಿ 1990ರಲ್ಲಿ ಹುಟ್ಟಿದ ತಂಡ. ಅದು ಇಂಡೀ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ತಂಡ, ಎನಿಸಿಕೊಂಡರೂ ಅದರ ಮುದ್ರಿಕೆಗಳನ್ನು ತಂದ 'ಹಟ್' ಸಂಸ್ಥೆಯ ಹಿಂದೆ ಇದ್ದುದು ವರ್ಜಿನ್ ಎಂಬ ದೊಡ್ಡ ಕಂಪನಿ. ಇಂಡೀ ಎಂಬ ಮಾತು ಆ ಹೊತ್ತಿಗಾಗಲೇ ವ್ಯಾಪಾರದ ಸ್ಥಿತಿಗಿಂತ ನಾದದ ಗುಣವನ್ನು ಸೂಚಿಸತೊಡಗಿತ್ತು. ನಿಕ್ ಮೆಕೇಬ್ ಅವರ ಗಿಟಾರ್ ಮಂಜಿನಂತೆ ಹರಡುವ 1993ರ ಮೊದಲ ಆಲ್ಬಮ್ ಮತ್ತು 1995ರ ಎರಡನೆಯದು ವಿಮರ್ಶಕರ ಮೆಚ್ಚುಗೆ ಪಡೆದರೂ ಹಣ ತರಲಿಲ್ಲ. ತಂಡ ಒಮ್ಮೆ ಒಡೆದು ಮತ್ತೆ ಕೂಡಿದ ಮೇಲೆ ಬಂದದ್ದು 'ಅರ್ಬನ್ ಹಿಮ್ಸ್', ಅದರ ಮೊದಲ ಹಾಡೇ 'ಬಿಟರ್ ಸ್ವೀಟ್ ಸಿಂಫನಿ'.

ಈ ಹಾಡಿನ ಕಟ್ಟಡವನ್ನು ಕಿವಿಗೊಟ್ಟು ಗಮನಿಸಿದರೆ ಸಾಲ ಎಲ್ಲಿ ಮುಗಿದು ಸ್ವಂತ ಗಳಿಕೆ ಎಲ್ಲಿ ಆರಂಭವಾಗುತ್ತದೆ ಎಂಬುದು ತಿಳಿಯುತ್ತದೆ. ಓಲ್ಡ್‌ಹ್ಯಾಮ್ ವಾದ್ಯವೃಂದದ ತುಣುಕು ಲೂಪ್ ಆಗಿ, ಅಡಿಪಾಯದ ಕಲ್ಲಿನಂತೆ ಕೆಳಗೆ ಸುತ್ತುತ್ತಲೇ ಇರುತ್ತದೆ. 'ಯೂತ್' ಎಂಬ ಹೆಸರಿನ ನಿರ್ಮಾಪಕರ ನೇತೃತ್ವದಲ್ಲಿ ಅದರ ಮೇಲೆ ಡ್ರಮ್ಸ್, ಗಿಟಾರ್, ಹಿನ್ನೆಲೆಯ ದನಿಗಳು ಪದರ ಪದರವಾಗಿ ಕೂಡಿಕೊಂಡವು. ವಿಲ್ ಮ್ಯಾಲೋನ್ ಸಂಯೋಜಿಸಿದ ಹೊಸ ತಂತಿವಾದ್ಯಗಳು ಹಳೆಯ ತುಣುಕನ್ನು ಬಹುಮಟ್ಟಿಗೆ ಮುಚ್ಚಿಯೇ ಬಿಟ್ಟವು. ಸುಮಾರು ಆರು ನಿಮಿಷದುದ್ದಕ್ಕೂ ನಾಲ್ಕೇ ಸ್ವರಮೇಳಗಳು (ಕಾರ್ಡ್‌ಗಳು) ಚಕ್ರದಂತೆ ತಿರುಗುತ್ತವೆ, ಪಲ್ಲವಿಗೂ ಚರಣಕ್ಕೂ ಬದಲಾಗುವುದಿಲ್ಲ. ಇದರಲ್ಲಿ ಬಳಕೆಯಾದ ಸ್ವರಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ ಕರ್ನಾಟಕ ಸಂಗೀತದ ಹರಿಕಾಂಭೋಜಿ ರಾಗದ ಸ್ವರಗಳೇ ದೊರೆಯುತ್ತವೆ. ರಾಗದ ನಡೆ ಇಲ್ಲಿಲ್ಲ, ಅದನ್ನು ಹುಡುಕಲೂಬಾರದು. ಆದರೆ ಕೈಶಿಕಿ ನಿಷಾದದಿಂದಾಗಿ, ಅಂದರೆ 'ನಿ' ಸ್ವರದ ತಗ್ಗಿನ ರೂಪದಿಂದಾಗಿ, ಹಾಡು ಪೂರ್ತಿ ಸಂತೋಷಕ್ಕೂ ಹೋಗದೆ ಪೂರ್ತಿ ದುಃಖಕ್ಕೂ ಇಳಿಯದೆ ನಡುವೆ ತೂಗುತ್ತದೆ. ಬದುಕೆಂಬ ಅಚ್ಚಿನಿಂದ ಹೊರಬರಲಾಗದ ಮನುಷ್ಯನ ಅಳಲನ್ನು ಹೇಳುವ ಸಾಹಿತ್ಯಕ್ಕೆ ಎಲ್ಲಿಗೂ ಹೋಗದ ಈ ಚಕ್ರಗತಿ ಹೇಳಿ ಮಾಡಿಸಿದಂತಿದೆ. ಆ ಸಾಹಿತ್ಯ, ಆ ಗಾಯನ, ಆ ಹೊದಿಕೆ 1966ರ ಮುದ್ರಿಕೆಯಲ್ಲಿ ಇರಲಿಲ್ಲ.

ತೊಡಕು ಬಂದದ್ದು ಎರಡನೆಯ ಬಾಗಿಲಿನಲ್ಲಿ. ಮುದ್ರಿಕೆಯ ಒಡೆತನವಿದ್ದ ಡೆಕ್ಕಾದಿಂದ ತುಣುಕು ಬಳಸಲು ಅನುಮತಿ ದೊರೆತಿತ್ತು. ಕೃತಿಯ ಹಕ್ಕು ಮಾತ್ರ ಸ್ಟೋನ್ಸ್‌ನ ಮಾಜಿ ವ್ಯವಸ್ಥಾಪಕ ಆಲನ್ ಕ್ಲೈನ್ ಅವರ ಆ್ಯಬ್ಕೊ ಸಂಸ್ಥೆಯಲ್ಲಿತ್ತು. 1970ಕ್ಕೆ ಮುಂಚಿನ ಸ್ಟೋನ್ಸ್ ಹಾಡುಗಳ ಹಕ್ಕು ಅಲ್ಲಿಯೇ ಉಳಿದಿತ್ತು. ಒಪ್ಪಿಕೊಂಡದ್ದಕ್ಕಿಂತ ಹೆಚ್ಚು ಬಳಸಲಾಗಿದೆ ಎಂದು ಆ ಕಡೆಯವರ ವಾದ, ಇಲ್ಲವೆಂದು ಈ ಕಡೆಯವರದು. ಹಾಡು ಸಿದ್ಧವಾದ ಮೇಲೆ ಚೌಕಾಸಿಗೆ ಕೂತವರ ಕೈ ಕೆಳಗಾಗುವುದು ಸಹಜ. ಕೊನೆಗೆ ಹೊಸ ಹಾಡಿನ ಕೃತಿಯ ಸಂಪೂರ್ಣ ಹಕ್ಕು ಆ್ಯಬ್ಕೊ ಕಡೆಗೆ ಹೋಯಿತು, ಕೃತಿಕಾರರ ಸಾಲಿಗೆ ಜ್ಯಾಗರ್ ಮತ್ತು ರಿಚರ್ಡ್ಸ್ ಹೆಸರು ಸೇರಿತು, ಆಶ್‌ಕ್ರಾಫ್ಟ್ ಪಾಲಿಗೆ ಬಂದದ್ದು 1000 ಡಾಲರ್. ಕಾನೂನಿನ ಮಾತಿನಲ್ಲಿ ಇದು ಒಪ್ಪಂದ. ನ್ಯಾಯದ ತೂಕದ ಮಾತು ಬೇರೆ.

1997ರ ಜೂನ್‌ನಲ್ಲಿ ಬಿಡುಗಡೆಯಾದ ಹಾಡು ಬ್ರಿಟಿಷ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿತು. ಅದನ್ನು ತಡೆದು ಮೊದಲ ಸ್ಥಾನದಲ್ಲಿದ್ದುದು ಪಫ್ ಡ್ಯಾಡಿ ಮತ್ತು ಫೇತ್ ಇವಾನ್ಸ್ ಅವರ 'ಐಲ್ ಬಿ ಮಿಸ್ಸಿಂಗ್ ಯೂ', ಅದೂ 'ದಿ ಪೊಲೀಸ್' ತಂಡದ ಹಳೆಯ ಹಾಡಿನ ಮೇಲೆ ನಿಂತದ್ದು. ಅಲ್ಲಿ ಮರುಬಳಕೆಯಾದ ಗಿಟಾರಿನ ಎಳೆಯನ್ನು ನುಡಿಸಿದವರು ಆ ತಂಡದ ಗಿಟಾರ್ ವಾದಕ ಆಂಡಿ ಸಮರ್ಸ್. ಕೃತಿಕಾರರೆಂದು ದಾಖಲಾಗಿ ಹಣ ಪಡೆದವರು ಅದರ ಗಾಯಕ ಸ್ಟಿಂಗ್. ಒಂದೇ ವಾರದ ಪಟ್ಟಿಯ ಮೊದಲ ಎರಡು ಹಾಡುಗಳಲ್ಲಿ ಜನರ ಕಿವಿಯಲ್ಲಿ ಉಳಿದ ನಾದಕ್ಕೂ ಹಣ ಹರಿದ ದಾರಿಗೂ ಸಂಬಂಧ ತಪ್ಪಿತ್ತು.

ಮುಂದಿನ ಘಟನೆಗಳು ಆ ಒಪ್ಪಂದದ ಬಾಲದಂತೆ ಬಂದವು. ಹಾಡು ನೈಕಿ ಕಂಪನಿಯ ಜಾಹೀರಾತಿಗೆ ಹೋಯಿತು. ಗ್ರ್ಯಾಮಿಯ ಅತ್ಯುತ್ತಮ ರಾಕ್ ಗೀತೆಯ ವಿಭಾಗಕ್ಕೆ ನಾಮನಿರ್ದೇಶನಗೊಂಡಾಗ ಕಾಣಿಸಿದ್ದು ಜ್ಯಾಗರ್ ಮತ್ತು ರಿಚರ್ಡ್ಸ್ ಹೆಸರು. ಮುದ್ರಿಕೆಯಿಂದ ತಮಗೆ ಬರಬೇಕಾದ ಹಣ ಬಂದಿಲ್ಲವೆಂದು ಓಲ್ಡ್‌ಹ್ಯಾಮ್ 1999ರಲ್ಲಿ ದಾವೆ ಹೂಡಿದರು. ಅದೇ ವರ್ಷ ತಂಡ ಮತ್ತೆ ಒಡೆಯಿತು. 2009ರಲ್ಲಿ ಕ್ಲೈನ್ ತೀರಿಕೊಂಡರು. ಮುಂದೆ ಮಾತುಕತೆ ಅವರ ಮಗ ಜೋಡಿ ಕ್ಲೈನ್ ಮತ್ತು ಸ್ಟೋನ್ಸ್‌ನ ಈಗಿನ ವ್ಯವಸ್ಥಾಪಕರ ಮೂಲಕ ಸಾಗಿ 2019ರ ನಿರ್ಧಾರಕ್ಕೆ ಬಂದು ನಿಂತಿತು. ಬಿಟ್ಟುಕೊಡಲೇಬೇಕೆಂಬ ಕಾನೂನಿನ ಒತ್ತಾಯ ಜ್ಯಾಗರ್ ಮತ್ತು ರಿಚರ್ಡ್ಸ್ ಮೇಲೆ ಇರಲಿಲ್ಲವಾದ್ದರಿಂದ ಆಶ್‌ಕ್ರಾಫ್ಟ್ ಅದನ್ನು ಔದಾರ್ಯವೆಂದೇ ಕರೆದು ಕೃತಜ್ಞತೆ ಹೇಳಿದರು.

ವಿಟಕರ್ ಅದನ್ನು ನೋಡಲು ಉಳಿದಿರಲಿಲ್ಲ. ಅವರು 2012ರಲ್ಲೇ ತೀರಿಕೊಂಡಿದ್ದರು. ವಾದ್ಯ ಸಂಯೋಜಕರಿಗೆ ಅಂದಿನ ಕೂಲಿ ಕೊಟ್ಟು ಕಳಿಸುವುದು, ಅವರು ಸೇರಿಸಿದ್ದೆಲ್ಲ ಮೂಲ ಕೃತಿಯ ಲೆಕ್ಕಕ್ಕೆ ಹೋಗುವುದು ಆ ಕಾಲದ ಪದ್ಧತಿಯಾಗಿತ್ತು, ಈಗಲೂ ಬಹಳ ಕಡೆ ಹಾಗೆಯೇ ಇದೆ. ಕೃತಿಕಾರರ ಸಾಲಿನಲ್ಲಿ 1997ರಲ್ಲೂ ಅವರ ಹೆಸರಿರಲಿಲ್ಲ, 2019ರಲ್ಲಿ ಆ ಸಾಲನ್ನು ತಿದ್ದಿದಾಗಲೂ ಸೇರಲಿಲ್ಲ.