ಹಗೇವಿನ ಜೋಳ, ಸುಡಾನಿನ ಹಸಿವು

ಹಗೇವು ತೆಗೆಯುವ ದಿನ ನಮ್ಮ ಮುತ್ಯಾ ಮಕ್ಕಳನ್ನೆಲ್ಲ ಅಂಗಳದ ಆ ತುದಿಗೆ ಓಡಿಸುತ್ತಿದ್ದ. ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಎರಿ ಭೂಮಿಯ ಊರು ನಮ್ಮದು. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಬ್ಬ ಆಳು ಇಳಿಯುವಷ್ಟು. ಹೊಟ್ಟೆ ಮಾತ್ರ ದೊಡ್ಡದು. ಸುತ್ತ ಜೋಳದ ಕಣಿಕಿ, ಹೊಟ್ಟು ಒತ್ತಿ, ನಡುವೆ ಕಾಳು ಸುರಿದು, ಬಾಯಿಗೆ ಹಾಸುಗಲ್ಲು ಇಟ್ಟು ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಅತ್ತ ನೋಡುವ ಹಾಗಿಲ್ಲ.

ತೆಗೆಯುವಾಗ ಅವಸರ ನಡೆಯುತ್ತಿರಲಿಲ್ಲ. ಕಲ್ಲು ಸರಿಸಿ ಬಹಳ ಹೊತ್ತು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಒಳಗೆ ಬಿಡುವುದು. "ಕಂದೀಲು ಆರಿದ್ರ ಯಾರೂ ಇಳೀಬ್ಯಾಡ್ರಿ" ಅನ್ನುತ್ತಿದ್ದ ಮುತ್ಯಾ. ಅದು ಸುಮ್ನೆ ಹೆದರಿಸುವ ಮಾತಲ್ಲ. ಹಗೇವಿಗೆ ಇಳಿದವರು ಉಸಿರುಗಟ್ಟಿ ಸತ್ತದ್ದು ನಮ್ಮ ಸೀಮೆಯಲ್ಲಿ ಎಷ್ಟೋ ಸಲ ಆಗಿದೆ.

ಒಳಗೆ ಏನಾಗುತ್ತದೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಕಾಳಿಗೆ ಜೀವ ಇದೆ, ಅದು ಉಸಿರಾಡುತ್ತದೆ. ಕಾಳಿನ ಜೊತೆ ಒಳಗೆ ಹೋದ ಹುಳವೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ದಿನದಿನಕ್ಕೆ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗುತ್ತಾ ಹೋಗುತ್ತದೆ. ಕೊನೆಗೆ ಹುಳ ತಾನು ಬಿಟ್ಟ ಉಸಿರಿನಲ್ಲೇ ಸಾಯುತ್ತದೆ, ಕಾಳು ಉಳಿಯುತ್ತದೆ. ಈ ಗಾಳಿ ಭಾರ, ತಳದಲ್ಲೇ ಕೂತಿರುತ್ತದೆ. ಕಂದೀಲು ಆರುವುದು ಅದಕ್ಕೇ. ಔಷಧಿ ಇಲ್ಲ, ಕರೆಂಟ್ ಇಲ್ಲ, ಆದರೂ ಬರದ ವರ್ಷಕ್ಕೆ ಅಂತ ಎತ್ತಿಟ್ಟ ಜೋಳ ಕೆಡುತ್ತಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆ ಉಳಿಸಲು ಮೂರು ಪದರದ ಗಾಳಿಯಾಡದ ಚೀಲ ಮಾಡಿದರು. ಅದರ ಗುಟ್ಟೂ ಇದೇ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಸುಡಾನ್ ದೇಶದ ರೈತರೂ ಜೋಳವನ್ನು ನೆಲದೊಳಗೇ ಹೂತಿಡುತ್ತಾರೆ. ಆ ಗುಂಡಿಗೆ ಅಲ್ಲಿ ಮತ್ಮೂರಾ ಅನ್ನುತ್ತಾರೆ. ಮೊದಲ ಸಲ ಓದಿದಾಗ ನಮ್ಮೂರಿನ ಮಾತೇ ಓದಿದ ಹಾಗಾಯಿತು. ಅವರ ಊಟವೂ ಜೋಳದ್ದೇ. ಹಿಟ್ಟು ಹುಳಿಬರಿಸಿ ಹಂಚಿನ ಮೇಲೆ ತೆಳ್ಳಗೆ ಎಳೆದು ಮಾಡುವ ಕಿಸ್ರಾ ಅನ್ನುವ ರೊಟ್ಟಿ. ನಾವು ಜೋಳ ಅಂದರೆ ನಮ್ಮದೇ ಅಂದುಕೊಂಡಿರುತ್ತೇವೆ, ಅಲ್ವಾ? ನಿಜ ನೋಡಿದರೆ ಮನುಷ್ಯ ಜೋಳವನ್ನು ಬೆಳೆಸಿ ಪಳಗಿಸಿದ ತೀರ ಹಳೆಯ ಗುರುತು ಸಿಕ್ಕಿರುವುದು ಪೂರ್ವ ಸುಡಾನಿನಲ್ಲಿ, 5,000 ವರ್ಷಕ್ಕೂ ಹಿಂದಿನದು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮ ಕಡೆ ಬಂತು. ತೊಗರಿ ಇದಕ್ಕೆ ಉಲ್ಟಾ. ಅದು ಹುಟ್ಟಿದ್ದು ನಮ್ಮ ದೇಶದಲ್ಲಿ. ಒಡಿಶಾ, ಬಸ್ತರ್ ಕಡೆಯ ಕಾಡುಗಳಲ್ಲಿ ಅದರ ಕಾಡು ನೆಂಟ ಈಗಲೂ ಬೆಳೆಯುತ್ತದೆ. ತೊಗರಿ ಇಲ್ಲಿಂದ ಆಫ್ರಿಕಾಕ್ಕೆ ಹೋಯಿತು. ಅವರ ಜೋಳ, ನಮ್ಮ ತೊಗರಿ, ಎರಡೂ ಕೂಡಿದ ತಾಟು ನಮ್ಮ ಮುಂದಿದೆ.

ಆ ಜೋಳದ ತವರಿನಲ್ಲಿ ಇವತ್ತು ಕ್ಷಾಮ. 2024ರ ಆಗಸ್ಟ್‌ನಲ್ಲಿ ಸುಡಾನಿನ ಉತ್ತರ ದಾರ್ಫುರ್‌ನ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರು ಖಚಿತಪಡಿಸಿದರು. ಕ್ಷಾಮ ಅನ್ನುವ ಮಾತನ್ನು ಅವರು ಬಾಯಿಗೆ ಬಂದಾಗ ಆಡುವುದಿಲ್ಲ. ಆಹಾರದ ಕೊರತೆ ಎಷ್ಟು ತೀವ್ರ ಅಂತ ನೋಡಲು ಐಪಿಸಿ ಅನ್ನುವ ಐದು ಹಂತದ ಜಾಗತಿಕ ಅಳತೆ ಇದೆ. ಐದನೆಯ ಹಂತ ಕ್ಷಾಮ. ನೂರರಲ್ಲಿ 20 ಮನೆಗಳಲ್ಲಿ ಊಟ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಹಾಗಿರಬೇಕು, ನೂರರಲ್ಲಿ 30 ಸಣ್ಣ ಮಕ್ಕಳು ಎಲುಬು ಕಾಣುವಷ್ಟು ಸೊರಗಿರಬೇಕು, ಹಸಿವಿನಿಂದ ಮತ್ತು ಅದರ ಜೊತೆ ಬರುವ ರೋಗದಿಂದ ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರಾದರೂ ಸಾಯುತ್ತಿರಬೇಕು. ಆಗ ಮಾತ್ರ ಆ ಹೆಸರು. ಅದನ್ನು ಹೇಳುವ ಹೊತ್ತಿಗೆ ಎಷ್ಟು ಜನ ಹೋಗಿರುತ್ತಾರೆ ಯೋಚಿಸಿ. 2024ರ ಕೊನೆಗೆ ಸುಡಾನಿನಲ್ಲಿ ತೀವ್ರ ಆಹಾರ ಕೊರತೆಯಲ್ಲಿದ್ದವರ ಲೆಕ್ಕ ಸುಮಾರು 2.46 ಕೋಟಿ. ದೇಶದ ಅರ್ಧ ಜನ.

ಅಲ್ಲಿ ಮಳೆ ಕೈಕೊಟ್ಟಿತಾ ಅಂತ ನಮ್ಮ ಕಡೆ ಯಾರಾದರೂ ಮೊದಲು ಕೇಳುತ್ತಾರೆ. ಈ ಕ್ಷಾಮ ಮಳೆಯಿಂದ ಬಂದದ್ದಲ್ಲ. 2023ರ ಏಪ್ರಿಲ್ 15ರಂದು ಅಲ್ಲಿನ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಹತ್ತಿತು. ಆ ವರ್ಷ ಡಿಸೆಂಬರ್ ಹೊತ್ತಿಗೆ ನೈಲ್ ನೀರಿನ ಗೆಜಿರಾ ಸೀಮೆಗೂ ಕಾಳಗ ನುಗ್ಗಿತು. ಜೋಳ, ಗೋಧಿ ಬೆಳೆದು ದೇಶಕ್ಕೆ ಕೊಡುತ್ತಿದ್ದ ನೆಲ ಅದು. ಬಿತ್ತುವವರು ಊರು ಬಿಟ್ಟರು, ದಾರಿ ಮುಚ್ಚಿತು, ನೆರವಿನ ಲಾರಿಗಳು ನಡುದಾರಿಯಲ್ಲಿ ನಿಂತವು. ಶಿಬಿರದ ಸಂತೆಗೆ ಏನಾದರೂ ಕಾಳು ಬಂದರೂ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲ.

ನಮ್ಮ ಹಗೇವಿನದೂ ಒಂದು ಮಾತು ಹೇಳಲೇಬೇಕು. ಬರದ ವರ್ಷ ಹಗೇವು ಇದ್ದವರ ಬಾಗಿಲಿಗೆ ಇಲ್ಲದವರು ಬಂದು ನಿಲ್ಲುತ್ತಿದ್ದರು. ಒಂದು ಚೀಲ ಕಡ ತಗೊಂಡರೆ ಸುಗ್ಗಿಯಲ್ಲಿ ಒಂದೂವರೆ ಚೀಲ ಅಳೆದು ಕೊಡಬೇಕು. ಊರಲ್ಲಿ ಜೋಳ ಇತ್ತು. ಊರಲ್ಲಿ ಹಸಿದವರೂ ಇದ್ದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಜಗತ್ತಿಗೆ ತೋರಿಸಿದ್ದು ಇದನ್ನೇ. 1943ರ ಬಂಗಾಳದ ಕ್ಷಾಮವನ್ನು ಅವರು ಲೆಕ್ಕ ಹಾಕಿ ನೋಡಿದರು. ಆ ವರ್ಷದ ಅಕ್ಕಿ ಹಿಂದಿನ ಕೆಲವು ವರ್ಷಗಳಿಗಿಂತ ತೀರ ಕಡಿಮೆ ಏನೂ ಇರಲಿಲ್ಲ. ಯುದ್ಧದ ಖರ್ಚಿನಿಂದ ಬೆಲೆ ಏರಿತು, ಹೊಲದ ಕೂಲಿ ಏರಲಿಲ್ಲ. ಕೂಲಿಯವರು, ಮೀನುಗಾರರು ಮೊದಲು ಸತ್ತರು. ಒಟ್ಟು ಸತ್ತವರು 20ರಿಂದ 30 ಲಕ್ಷ.

ಈಗ ಇಡೀ ಜಗತ್ತನ್ನು ಒಂದು ಊರು ಅಂತ ತಿಳಿದು ಲೆಕ್ಕ ಮಾಡಿ. ಜಗತ್ತು ವರ್ಷಕ್ಕೆ ಬೆಳೆಯುವ ಧಾನ್ಯ ಸುಮಾರು 280 ಕೋಟಿ ಟನ್. ಜನ 800 ಕೋಟಿ ದಾಟಿದ್ದಾರೆ. ತಲೆಗೆ ಸುಮಾರು 350 ಕಿಲೋ, ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ. ಬೇಳೆಕಾಳು, ಎಣ್ಣೆ, ಹಾಲು, ತರಕಾರಿ ಇದರಲ್ಲಿ ಸೇರಿಲ್ಲ. ಒಂದು ಕಿಲೋ ಧಾನ್ಯವನ್ನು ಒಬ್ಬ ಮನುಷ್ಯ ದಿನಕ್ಕೆ ಉಣ್ಣಲಾರ. ಆದರೂ 2024ರಲ್ಲಿ ಹಸಿವಿನಲ್ಲಿದ್ದವರು ಸುಮಾರು 67 ಕೋಟಿ ಅಂತ ವಿಶ್ವಸಂಸ್ಥೆಯ ಲೆಕ್ಕ. ಬೆಳೆದ ಧಾನ್ಯದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ದನ, ಕೋಳಿ, ಹಂದಿಗಳ ಮೇವಿಗೆ ಹೋಗುತ್ತದೆ, ಇನ್ನಷ್ಟು ಗಾಡಿಗೆ ಇಂಧನ ಆಗುತ್ತದೆ. 2022ರ ಒಂದೇ ವರ್ಷ ಮನೆ, ಹೋಟೆಲ್, ಅಂಗಡಿಗಳಲ್ಲಿ ಬಿಸಾಕಿದ ಆಹಾರ 105 ಕೋಟಿ ಟನ್. ಮದುವೆ ಮಂಟಪದ ಹಿಂದೆ ರಾಶಿ ಬಿದ್ದ ಅನ್ನ ನೋಡಿದಾಗೆಲ್ಲ ನನಗೆ ಈ ಅಂಕಿ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಸುಡಾನ್ ದೂರದ ಮಾತು ಅನ್ನಿಸಬಹುದು. ಹಾಗಾದರೆ ಯಾದಗಿರಿಗೆ ಬನ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಡೀ ದೇಶದಲ್ಲಿ ಆ ಪ್ರಮಾಣ 35.5%. ನಾವು ತೊಗರಿ ಕಣಜದವರು. ಕಲಬುರಗಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಹೆಮ್ಮೆಪಟ್ಟೆವು. ಗಂಜಿನಿಂದ, ಅಂದರೆ ನಮ್ಮ ಕಾಳಿನ ಮಾರುಕಟ್ಟೆಯಿಂದ, ದಿನಾ ಲಾರಿಗಟ್ಟಲೆ ಬೇಳೆ ದೇಶಕ್ಕೆಲ್ಲ ಹೋಗುತ್ತದೆ. ಆ ಬೇಳೆ ಬೆಳೆದ ಸೀಮೆಯ ಮಗು ಗಿಡ್ಡಾಗಿ ಉಳಿಯುತ್ತಿದೆ. ಇದನ್ನು ನಾವು ಜೋರಾಗಿ ಮಾತಾಡುವುದೇ ಇಲ್ಲ.

ಗಿಡ್ಡಾಗುವುದು ಬರೀ ಎತ್ತರದ ವಿಷಯ ಆಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ಬಸುರಿನಿಂದ ಹಿಡಿದು ಮಗುವಿಗೆ ಎರಡು ವರ್ಷ ತುಂಬುವವರೆಗೆ ಸುಮಾರು ಸಾವಿರ ದಿನ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲ ಇದು. ಈ ದಿನಗಳಲ್ಲಿ ತಪ್ಪಿದ್ದನ್ನು ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ಇಂಥ ಮಗು ಹೊಟ್ಟೆ ಹಸಿದು ಅಳಬೇಕು ಅಂತಲೂ ಇಲ್ಲ. ಮೂರು ಹೊತ್ತೂ ಅನ್ನ ತಿಂದಿರುತ್ತದೆ, ಆದರೆ ಬರೀ ಅನ್ನ, ಮೇಲೆ ತೆಳ್ಳಗೆ ಸಾರು. ಹೊಟ್ಟೆ ತುಂಬುತ್ತದೆ, ರಕ್ತ ಬರಿದಾಗಿರುತ್ತದೆ. ಅದೇ ಸಮೀಕ್ಷೆಯಲ್ಲಿ ದೇಶದ 57% ಹೆಣ್ಣುಮಕ್ಕಳಿಗೆ, 67% ಸಣ್ಣ ಮಕ್ಕಳಿಗೆ ರಕ್ತಹೀನತೆ ಇತ್ತು.

ನಮ್ಮ ಆಯಿ ಹಾಕುತ್ತಿದ್ದ ತಾಟು ನೆನಪು ಮಾಡಿಕೊಳ್ಳಿ. ರೊಟ್ಟಿ, ಗಟ್ಟಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಪ್ರೋಟೀನು ಅಂದರೆ ಅಮೈನೋ ಆಮ್ಲ ಅನ್ನುವ ಸಣ್ಣ ಸಣ್ಣ ತುಂಡುಗಳ ಮಾಲೆ. ಅದರಲ್ಲಿ ಒಂಬತ್ತನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜೋಳದಲ್ಲಿ ಲೈಸಿನ್ ಅನ್ನುವುದು ಬಹಳ ಕಡಿಮೆ. ತೊಗರಿಯಲ್ಲಿ ಅದು ಬೇಕಾದಷ್ಟಿದೆ. ತೊಗರಿಯಲ್ಲಿ ಮೆಥಿಯೊನಿನ್ ಕಡಿಮೆ, ಜೋಳ ಅದನ್ನು ತುಂಬಿಕೊಡುತ್ತದೆ. ರೊಟ್ಟಿ ಬ್ಯಾಳಿ ಜೋಡಿಯಾದದ್ದು ರುಚಿಗೆ ಇರಬಹುದು, ಮೈಗೂ ಅದೇ ಬೇಕಿತ್ತು. ಕಾಳುಗಳಲ್ಲಿರುವ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ, ಫೈಟೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟಿರುತ್ತದೆ. ಹುಳಿ ಇದ್ದರೆ ಬಿಡುತ್ತದೆ. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿದರೂ ಸಾಕು, ಎಷ್ಟೋ ವ್ಯತ್ಯಾಸ ಆಗುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಅದರ ಒಗರು ಆ ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ರಕ್ತ ಕಡಿಮೆ ಇದೆ ಅಂತ ಗುಳಿಗೆ ತಗೊಳ್ಳುವ ಅಕ್ಕ ತಂಗಿಯರಿಗೆ ನನ್ನದೊಂದು ಕೈಮುಗಿದ ಮಾತು, ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ.

ಆದರೆ ಆ ತಾಟಿನಲ್ಲಿ ಬ್ಯಾಳಿ ಗಟ್ಟಿ ಇರಬೇಕಾದರೆ ಬೆಲೆ ಕೈಗೆ ಎಟುಕಬೇಕು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಕೂಲಿ ಮಾಡುವ ಮನೆಯಲ್ಲಿ ಮೊದಲು ತೆಳ್ಳಗಾಗುವುದು ಬ್ಯಾಳಿಯೇ. ಮರುವರ್ಷ ಸರ್ಕಾರ ಮೊಜಾಂಬಿಕ್‌ನಿಂದ ತೊಗರಿ ತರಿಸಲು ಒಪ್ಪಂದ ಮಾಡಿಕೊಂಡಿತು. ಬೆಲೆ ನೋಡಿ ಇಲ್ಲಿಯ ರೈತರೂ ಜಾಸ್ತಿ ಬಿತ್ತಿದ್ದರು, ಮಳೆಯೂ ಬಂತು. ಸುಗ್ಗಿ ಹೊತ್ತಿಗೆ ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಒಂದು ವರ್ಷ ಉಣ್ಣುವವರು ಕೊಳ್ಳಲಾರರು, ಇನ್ನೊಂದು ವರ್ಷ ಬೆಳೆದವರು ಮಾರಲಾರರು. ಆಹಾರ ಭದ್ರತೆ ಅನ್ನುವ ದೊಡ್ಡ ಮಾತು ನಮ್ಮ ಗಂಜಿನಲ್ಲಿ ಹೀಗೆ ಕಾಣುತ್ತದೆ.

ಇದರ ಮೇಲೆ ನೆಟೆ ರೋಗ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಹೊಲಗಳನ್ನು ನೋಡಿದವರಿಗೆ ಗೊತ್ತು. ಹೂವು ಕಾಯಿ ಹಿಡಿದು ನಿಂತ ಗಿಡ ಇದ್ದಕ್ಕಿದ್ದ ಹಾಗೆ ಒಣಗುತ್ತದೆ. ಅಂಥ ಒಂದು ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಪ್ಪು ಗೆರೆ ಎಳೆದ ಹಾಗಿರುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನುವ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ನೀರು ಏರುವ ಕೊಳವೆಯನ್ನು ಕಟ್ಟಿಬಿಟ್ಟಿರುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತದೆ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿಯೇ ಹಾಕಿದರೆ ನಾವೇ ಅದನ್ನು ಸಾಕಿದ ಹಾಗೆ. ತೊಗರಿಯ ನಡುವೆ ಜೋಳದ ಅಕ್ಕಡಿ ಸಾಲು ಹಾಕಿದರೆ, ವರ್ಷ ಬಿಟ್ಟು ವರ್ಷ ಜೋಳ ಬಿತ್ತಿದರೆ ನೆಟೆ ಕಡಿಮೆ ಆಗುತ್ತದೆ. ತಾಟಿನಲ್ಲಿ ಜೋಡಿಯಾದವು ಹೊಲದಲ್ಲೂ ಜೋಡಿಯಾಗಿರಬೇಕು. ಎಳ್ಳಮಾವಾಸ್ಯೆಯ ಭಜ್ಜಿ ಪಲ್ಯಕ್ಕೆ ಹಸಿ ತೊಗರಿ, ಅವರೆ, ಕಡ್ಲಿ, ಮೆಂತೆ ಅಂತ ಏನೆಲ್ಲ ಬೀಳುತ್ತಿತ್ತು, ಅಷ್ಟೂ ಒಂದೇ ಹೊಲದಲ್ಲಿ ಸಿಗುತ್ತಿತ್ತು. ಈಗ ಭಜ್ಜಿ ಸಾಮಾನು ಪೇಟೆಯಿಂದ ಬರುತ್ತದೆ.

ಕೆಲವು ಒಳ್ಳೆಯದೂ ಆಗಿದೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು, ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಮೊಟ್ಟೆಯಲ್ಲಿ ಆ ಒಂಬತ್ತೂ ಅಮೈನೋ ಆಮ್ಲ ಒಟ್ಟಿಗೆ ಸಿಗುತ್ತವೆ. ಅದನ್ನು ಬೇಡ ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ತಾವು ತಿನ್ನದಿದ್ದರೆ ಬಿಡಲಿ, ಬೇಕು ಅನ್ನುವ ಮಗುವಿನ ತಾಟಿನಿಂದ ತೆಗೆಯಬಾರದು ಅನ್ನುವುದು ನನ್ನ ಗಟ್ಟಿ ಮಾತು.

ಶಾಲೆಗೆ ಬರುವ ಮೊದಲಿನ ಮಕ್ಕಳದೇ ಕಷ್ಟ. ಹೋದ ಚಳಿಗಾಲ ಶಹಾಪುರ ಕಡೆ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಕೂತಿದ್ದೆ. ಅಲ್ಲಿನ ಟೀಚರ್ ಕೈಯಲ್ಲಿ ಮೂರು ಬಣ್ಣದ ಒಂದು ಪಟ್ಟಿ ಇತ್ತು. ಮಗುವಿನ ಎಡರೆಟ್ಟೆಗೆ ಸುತ್ತಿ ನೋಡುವುದು. ಸುತ್ತಳತೆ 12.5 ಸೆಂಟಿಮೀಟರ್ ಮತ್ತು ಮೇಲಿದ್ದರೆ ಹಸಿರು, ಅದಕ್ಕಿಂತ ಕೆಳಗಿದ್ದರೆ ಹಳದಿ, 11.5ಕ್ಕಿಂತ ಕಡಿಮೆ ಆದರೆ ಕೆಂಪು. 11.5 ಅಂದರೆ ಮನೆಯಲ್ಲಿನ ಲಟ್ಟಣಿಗೆಯಷ್ಟು ದಪ್ಪ, ಅಷ್ಟೇ. ಕೆಂಪು ಬಂದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು, ಜೊತೆಗೆ ಕಾಯಿಲೆ ಇದ್ದರೆ ಅಥವಾ ಮಗು ಉಣ್ಣದೇ ಇದ್ದರೆ ಅಲ್ಲಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ದಾರ್ಫುರ್‌ನ ಶಿಬಿರಗಳಲ್ಲಿ ಮಕ್ಕಳನ್ನು ಅಳೆಯುವುದೂ ಇಂಥದ್ದೇ ಪಟ್ಟಿಯಿಂದ, ಇದೇ ಅಳತೆಯಿಂದ.

ಒಂದೂವರೆ ವರ್ಷದ ಒಂದು ಹುಡುಗಿಗೆ ಹಳದಿ ಬಂತು. ಅವಳವ್ವ ಇನ್ನೆರಡು ದಿನಕ್ಕೆ ಪುಣೆಗೆ ಗುಳೆ ಹೊರಟವಳು, ಕಟ್ಟಡದ ಕೆಲಸಕ್ಕೆ. "ಏನ್ ಉಣಸ್ತಿ ಕೂಸಿಗಿ?" ಅಂತ ಟೀಚರ್ ಕೇಳಿದರು. "ಅನ್ನಾ ಸಾರ್ರಿ" ಅಂದಳು. ಟೀಚರ್ ಬೈಯಲಿಲ್ಲ. ಬ್ಯಾಳಿ ನುಣ್ಣಗೆ ಹಿಸುಕಿ, ಒಂದು ಚಮಚ ಎಣ್ಣೆ ಹಾಕಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣಿಸಬೇಕು ಅಂತ ಕೈಯಲ್ಲಿ ಅಳತೆ ತೋರಿಸಿ ಹೇಳಿದರು. ಆಮೇಲೆ ತಾಯಿ ಕಾರ್ಡ್ ತಗೊಂಡು ರೆಟ್ಟೆಯ ಸುತ್ತಳತೆ, ತಾರೀಖು ಬರೆದರು. "ಅಲ್ಲಿ ಹ್ವಾದ ಮ್ಯಾಲ ಮೊದಲ ಅಂಗನವಾಡಿ ಎಲ್ಲದ ಕೇಳು, ಈ ಕಾರ್ಡ್ ತೋರಿಸು, ಮುಂದಿನ ತಿಂಗಳ ಮತ್ತ ಅಳಸು" ಅಂದರು. ಅವಳು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಸೆರಗಿಗೆ ಗಂಟು ಹಾಕಿಕೊಂಡಳು.