ಮನೆಯಲ್ಲಿ ಕೆಮ್ಮುವವರು ಯಾರು?

ಮೂರು ವರ್ಷದ ಆ ಹುಡುಗಿಯ ಅಮ್ಮ ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಟೇಬಲ್ ಮೇಲೆ ಸುರಿದರು. ನಾಲ್ಕು ಡಾಕ್ಟರ ಚೀಟಿ, ಎರಡು ಎಕ್ಸ್‌ರೇ, ಒಂದು ಕಂತೆ ರಕ್ತಪರೀಕ್ಷೆ. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ಪ್ರತಿ ಚೀಟಿಯಲ್ಲೂ ಹೊಸ ಸಿರಪ್. ತಾಯಿ ಕಾರ್ಡ್ ಕೇಳಿದೆ. ಐದು ತಿಂಗಳ ಹಿಂದೆ ಅಂಗನವಾಡಿಯಲ್ಲಿ 12.5 ಕೆಜಿ ಇದ್ದ ಮಗು ಈಗ 11.4 ಕೆಜಿ.

"ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮು ಇದೆಯೇನಮ್ಮ?"

"ಇಲ್ಲ ಮೇಡಂ." ಸ್ವಲ್ಪ ತಡೆದು, "ಅವ್ಳ ಅಜ್ಜಂಗೆ ಇದೆ. ಅದು ಬೀಡಿ ಕೆಮ್ಮು."

ಮಗು ಮಲಗುತ್ತಿದ್ದುದು ಅಜ್ಜನ ಪಕ್ಕದಲ್ಲೇ.

ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಈ ಪ್ರಶ್ನೆ ನಮ್ಮ ಬಾಯಿಂದ ಬರುವುದೇ ಇಲ್ಲ. ಖಾಸಗಿ ಕ್ಲಿನಿಕ್‌ಗಳಲ್ಲಿ ಮಕ್ಕಳ ಟಿ.ಬಿ. ತಪ್ಪಿಹೋಗುವುದು ಮೊದಲು ಇಲ್ಲೇ. ಮಕ್ಕಳಲ್ಲಿ ರೋಗಾಣುಗಳ ಸಂಖ್ಯೆಯೇ ಕಡಿಮೆ. ಕ್ಯಾಕರಿಸಿ ಉಗುಳಲೂ ಬರುವುದಿಲ್ಲ, ಕಫ ನುಂಗಿಬಿಡುತ್ತಾರೆ. ಹಾಗಾಗಿ ಕಫ ಪರೀಕ್ಷೆಯೊಂದನ್ನೇ ನಂಬದೆ, ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರ, ಇಳಿದ ತೂಕ, ಮನೆಯಲ್ಲೊಬ್ಬ ರೋಗಿ, ಇವೆಲ್ಲವನ್ನೂ ಜೋಡಿಸಿ ನೋಡಬೇಕು.

ನಾವು ಮಾಡುವ ಇನ್ನೊಂದು ತಪ್ಪು, ಕೆಮ್ಮು ನಿಲ್ಲಲಿಲ್ಲ ಅಂತ ಲಿವೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬರೆಯುವುದು. ಅದು ಟಿ.ಬಿ. ರೋಗಾಣುವನ್ನೂ ಒಂದಿಷ್ಟು ತಗ್ಗಿಸುತ್ತದೆ. ನಾಲ್ಕು ದಿನ ಮಗು ಆರಾಮಾಗುತ್ತದೆ, ರೋಗ ಗೊತ್ತಾಗುವುದು ಇನ್ನೂ ತಡವಾಗುತ್ತದೆ. ಇದಕ್ಕೆ ಉಲ್ಟಾ ತಪ್ಪೂ ಇದೆ. ಸ್ಯಾಂಪಲ್ಲನ್ನೇ ತೆಗೆಯದೆ "ನೋಡೋಣ" ಅಂತ ಟಿ.ಬಿ. ಔಷಧಿ ಶುರು ಮಾಡುವುದು. ಎರಡೂ ನನಗೆ ತುಂಬಾ ನೋವು ಕೊಡುತ್ತವೆ.

ನುಂಗಿದ ಕಫ ಹೊಟ್ಟೆಯಲ್ಲಿರುತ್ತದೆ ಅಲ್ವಾ? ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮಗು ಏಳುವ ಮೊದಲೇ, ಮೂಗಿನಿಂದ ಸಣ್ಣ ಪೈಪ್ ಹಾಕಿ ತೆಗೆಯುತ್ತೇವೆ. ಮಗು ಅಳುತ್ತದೆ, ಅಮ್ಮನೂ ಅಳುತ್ತಾರೆ. ಎರಡು ನಿಮಿಷದ ಕೆಲಸ. ಅದನ್ನು ಸಿಬಿನಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ ಕಳಿಸಿದರೆ ರೋಗಾಣು ಇದೆಯಾ, ಟಿ.ಬಿ.ಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಎಂಬುದೂ ತಿಳಿಯುತ್ತದೆ. ಆದರೆ ನೆಗೆಟಿವ್ ಬಂದರೆ ಟಿ.ಬಿ. ಇಲ್ಲ ಎಂದಲ್ಲ.

ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ಪಾಸಿಟಿವ್" ಎಂದಷ್ಟೇ ಬರೆದ ಚೀಟಿ ನನಗೆ ಉಪಯೋಗವಿಲ್ಲ. 2 ಟಿ.ಯು. (ಟ್ಯೂಬರ್ಕ್ಯುಲಿನ್ ಯೂನಿಟ್) ಔಷಧಿ ಹಾಕಿದ್ದಾರಾ? 48ರಿಂದ 72 ಗಂಟೆಯೊಳಗೆ ನೋಡಿದ್ದಾರಾ? ಅಳೆಯಬೇಕಾದದ್ದು ಕೆಂಪನ್ನಲ್ಲ, ಗಟ್ಟಿಯಾದ ಭಾಗವನ್ನು. ನಾನು ಬಾಲ್ ಪೆನ್ನಿನಿಂದ ಎರಡೂ ಕಡೆಯಿಂದ ಮೆಲ್ಲಗೆ ಗೆರೆ ಎಳೆಯುತ್ತೇನೆ. ಪೆನ್ನು ತಡೆದು ನಿಂತಲ್ಲಿಂದ ನಿಂತಲ್ಲಿಗೆ ಸ್ಕೇಲ್ ಇಡುತ್ತೇನೆ. 10 ಮಿ.ಮೀ. ಅಥವಾ ಹೆಚ್ಚಿದ್ದರೆ ಸೋಂಕು ತಗುಲಿದೆ ಎಂದರ್ಥ, ರೋಗವಿದೆ ಎಂದಲ್ಲ. ತೀರಾ ಬಡಕಲಾದ ಮಗುವಿನಲ್ಲಿ ರೋಗವಿದ್ದರೂ ಗಟ್ಟಿಯಾಗದೆ ಇರಬಹುದು. ಇನ್ನು ರಕ್ತದಲ್ಲಿ ಟಿ.ಬಿ. ಐಜಿಜಿ, ಐಜಿಎಂ ಎಂಬ ಪ್ರತಿಕಾಯಗಳನ್ನು ನೋಡುವ ಪರೀಕ್ಷೆಯನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಈ ಹುಡುಗಿಯ ಮ್ಯಾಂಟೂ 16 ಮಿ.ಮೀ. ಬಂತು. ಎಕ್ಸ್‌ರೇಯಲ್ಲಿ ಶ್ವಾಸನಾಳದ ಪಕ್ಕ ಊದಿದ ಗ್ರಂಥಿಗಳು. ಹೊಟ್ಟೆಯ ಸ್ಯಾಂಪಲ್ ಎರಡು ದಿನವೂ ನೆಗೆಟಿವ್. ಅಜ್ಜನ ಕಫದಲ್ಲಿ ಮಾತ್ರ ರೋಗಾಣು ಸಿಕ್ಕಿತು, ರಿಫಾಂಪಿಸಿನ್‌ಗೆ ಬಗ್ಗುವಂಥದ್ದು. ಮೊಮ್ಮಗಳ ಔಷಧಿಗೆ ದಾರಿ ತೋರಿಸಿದ್ದು ಆ ರಿಪೋರ್ಟೇ.

"ಸರ್ಕಾರದ ಲಿಸ್ಟ್‌ಗೆ ಹೆಸರು ಹಾಕ್ಬೇಡಿ ಮೇಡಂ, ಹೆಣ್ಣುಮಗು" ಎಂದರು ಅಮ್ಮ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ 2012ರಿಂದ ಖಾಸಗಿ ಡಾಕ್ಟರೂ ಟಿ.ಬಿ. ರೋಗಿಯ ವಿವರ ಸರ್ಕಾರಕ್ಕೆ ತಿಳಿಸಲೇಬೇಕು. ಸರ್ಕಾರದ ಟಿ.ಬಿ. ಪೋರ್ಟಲ್ ನಿಕ್ಷಯ್‌ನಲ್ಲಿ ದಾಖಲಾದರೆ ನನ್ನ ಹತ್ತಿರವೇ ತೋರಿಸಿಕೊಂಡು ಔಷಧಿ ಪುಕ್ಕಟೆ ಪಡೆಯಬಹುದು, ಊಟಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಬರುತ್ತದೆ. ಇದನ್ನೆಲ್ಲ ನಿಧಾನವಾಗಿ ಹೇಳಿದ ಮೇಲೆ ಒಪ್ಪಿದರು.

ಆಮೇಲೆ ಕೇಳಿದೆ, "ಮನೇಲಿ ಇನ್ನೂ ಚಿಕ್ಕವರು ಇದ್ದಾರಾ?" ಎಂಟು ತಿಂಗಳ ತಮ್ಮ ಇದ್ದ. ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಸರಿಯಾಗಿತ್ತು. ಪರೀಕ್ಷಿಸಿ, ರೋಗವಿಲ್ಲ ಎಂದು ಖಾತ್ರಿ ಮಾಡಿಕೊಂಡು, ರೋಗ ಬಾರದಂತೆ ತಡೆಯುವ ಔಷಧಿಯನ್ನು ಅವತ್ತೇ ಶುರು ಮಾಡಿದೆವು.